ಕಣ್ಣಿಗೊತ್ತಿಕೊಳ್ಳುವ ಅರ್ಧ ಸೆಕೆಂಡು

ನಾನು ಜಯನಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಮೇಡಂ. ಒಂದು ಕಾಲದಲ್ಲಿ ಹಾಕಿ ಆಡಿದವಳು. ಲ್ಯಾಕ್ರೋಸ್ ಎಂಬ ಹೆಸರು ಕೇಳಿದ್ದೇ ನಲವತ್ತು ದಾಟಿದ ಮೇಲೆ. ಕೋಲಿನ ತುದಿಗೆ ಒಂದು ಸಣ್ಣ ಬಲೆ. ಚೆಂಡನ್ನು ಅದರಲ್ಲೇ ಹಿಡಿಯಬೇಕು, ಅದರಲ್ಲೇ ಎಸೆಯಬೇಕು, ಎದುರಿನವರ ಗೋಲಿಗೆ ಹಾಕಬೇಕು. ಅಷ್ಟೇ ಆಟ. ಬೆಳಿಗ್ಗೆ ಆರಕ್ಕೆ ಹುಡುಗಿಯರನ್ನು ಕಟ್ಟಿಕೊಂಡು ಜೆ.ಪಿ. ನಗರದ ಮೈದಾನಕ್ಕೆ ಹೋದರೆ ವಾಕಿಂಗಿಗೆ ಬಂದ ಅಂಕಲ್‌ಗಳು ನಿಂತು ನೋಡುತ್ತಿದ್ದರು. ಒಬ್ಬರಂತೂ ಕೇಳಿಯೇಬಿಟ್ಟರು, "ಏನ್ ಮೇಡಂ, ಮಾವಿನಕಾಯಿ ಕೀಳೋ ದೋಟಿನಾ ಇದು?"

"ಹೌದು ಸಾರ್, ಸೀಸನ್ ಬರ್ಲಿ, ನಿಮ್ಮನೆ ಮರಕ್ಕೇ ಬರ್ತೀವಿ" ಎಂದೆ. ನನ್ನ ಬಾಯಿ ಮೊದಲಿನಿಂದಲೂ ಹೀಗೇ.

ನಮ್ಮ ಟೀಮಿಗೆ ಒಬ್ಬ ಹುಡುಗಿ ಪುಟ್ಟೇನಹಳ್ಳಿಯಿಂದ ಬರುತ್ತಿದ್ದಳು. ಆಗ ಒಂಬತ್ತನೇ ಕ್ಲಾಸು. ಪುಟ್ಟೇನಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇರುವ ಮನೆತನ. ಅಪ್ಪ ನಾಲ್ಕು ಬಾಡಿಗೆ ಮನೆ ನೋಡಿಕೊಂಡು ಒಂದು ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ಬೆಳೆಸಿದ್ದು ಅಜ್ಜಿ. ಹುಡುಗಿ ಓಡಿದರೆ ಯಾರ ಕೈಗೂ ಸಿಗುತ್ತಿರಲಿಲ್ಲ. ಬಲಗೈ, ಎಡಗೈ ಎರಡರಲ್ಲೂ ಕೋಲು ಆಡುತ್ತಿತ್ತು. ಮೂರೇ ತಿಂಗಳಲ್ಲಿ ನನಗೆ ಗೊತ್ತಾಯಿತು, ಇವಳು ದೇಶಕ್ಕೆ ಆಡುವ ಹುಡುಗಿ. ಇಷ್ಟು ವರ್ಷದ ನೌಕರಿಯಲ್ಲಿ ಅಂಥವಳು ನನಗೆ ಸಿಕ್ಕಿದ್ದು ಒಬ್ಬಳೇ.

ಒಂದೇ ತೊಂದರೆ. ಕಾಲು ಯಾರಿಗಾದರೂ ತಾಗಿದರೆ ಅಲ್ಲೇ ನಿಂತುಬಿಡುತ್ತಿದ್ದಳು. ಪುಸ್ತಕಕ್ಕಾಗಲಿ ಮನುಷ್ಯರಿಗಾಗಲಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂದು ನಮ್ಮ ಮನೆಗಳಲ್ಲಿ ಕಲಿಸುತ್ತಾರಲ್ಲ, ಅದು. ನನಗೂ ಇದೆ. ಬಸ್ಸಿನಲ್ಲಿ ಪಕ್ಕದವರ ಬ್ಯಾಗಿಗೆ ಕಾಲು ತಾಗಿದರೂ ಕೈ ತಾನಾಗಿ ಹೋಗುತ್ತದೆ. ಆದರೆ ಈ ಆಟದಲ್ಲಿ ಚೆಂಡು ನೆಲಕ್ಕೆ ಬಿತ್ತೆಂದರೆ ನಾಲ್ಕು ಜನ ಒಟ್ಟಿಗೆ ನುಗ್ಗುತ್ತಾರೆ. ಕಾಲು, ಕೈ, ಕೋಲು ಎಲ್ಲ ಕಲಸುಮೇಲೋಗರ. ಅದರ ಮಧ್ಯೆ ಈ ಮಹಾರಾಯ್ತಿ ಬಗ್ಗಿ, ಎದುರಿನವಳ ಭುಜ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಅಷ್ಟರಲ್ಲಿ ಚೆಂಡು ನಮ್ಮ ಗೋಲಿನೊಳಗೆ.

"ಏನೇ, ಇದೇನು ದೇವಸ್ಥಾನಾನಾ?" ಎಂದು ಕೂಗಿದೆ.

"ಅಜ್ಜಿ ಹೇಳವ್ರೆ ಮೇಡಂ. ಪಾಪ ಬರ್ತದಂತೆ."

"ಆ ಪಾಪ ನನಗೇ ಬರ್ಲಿ. ನೀನು ಮೊದ್ಲು ಚೆಂಡು ಎತ್ತು."

ಬಾಯಿಮಾತಿಗೆ ಬಗ್ಗಲಿಲ್ಲ. ಆಮೇಲೆ ಶಿಕ್ಷೆ ಶುರು ಮಾಡಿದೆ. ಒಂದು ಸಲ ಕಣ್ಣಿಗೊತ್ತಿಕೊಂಡರೆ ಕೋಲನ್ನು ತಲೆಯ ಮೇಲೆ ಹಿಡಿದು ಮೈದಾನಕ್ಕೆ ಒಂದು ಸುತ್ತು. ಓಡುವ ಮೊದಲು ಹೆದರಿಕೊಂಡು ನನ್ನ ಮುಖ ನೋಡುವಳು. ಅದಕ್ಕೂ ಜಗ್ಗದಿದ್ದಾಗ ಅವಳ ಜೊತೆ ಇಡೀ ಟೀಮನ್ನೇ ಓಡಿಸಿದೆ. ಗೆಳತಿಯರು ಬೈಯತೊಡಗಿದರು. ಒಂದೆರಡು ದಿನ ಅತ್ತಳು, ನಾನು ನೋಡಿಯೂ ನೋಡದ ಹಾಗಿದ್ದೆ. ಆರು ತಿಂಗಳಾಗುವಷ್ಟರಲ್ಲಿ ಅಭ್ಯಾಸ ಬಿಟ್ಟೇಹೋಯಿತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ನಾನು ಬಿಡಿಸಿದೆ ನೋಡಿ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಂಡೆ.

ಹತ್ತನೇ ಕ್ಲಾಸಿಗೆ ಬಂದ ವರ್ಷ ರಾಷ್ಟ್ರೀಯ ಜೂನಿಯರ್ ತಂಡದ ಕ್ಯಾಂಪಿಗೆ ಆಯ್ಕೆ ಇತ್ತು. ಅದರ ಹಿಂದಿನ ವಾರ ಅವಳಪ್ಪ ಶಾಲೆಗೆ ಬಂದರು.

"ಮೇಡಂ, ಪಟ್ಟೀಲಿ ಹೆಸ್ರು ಬಂದ್ರೆ ಆಡ್ಲಿ, ಎಲ್ಲಿಗೆ ಬೇಕಾದ್ರೂ ನಾನೇ ಕರ್ಕೊಂಡೋಗ್ತೀನಿ. ಬರ್ಲಿಲ್ಲ ಅಂದ್ರೆ ಇಲ್ಲಿಗೆ ಸಾಕು. ಟ್ಯೂಷನ್‌ಗೆ ಹಾಕ್ತೀನಿ."

ನ್ಯಾಯವಾದ ಮಾತೇ. "ಬಂದೇ ಬರುತ್ತೆ ಸಾರ್, ಬರೆದಿಟ್ಕೊಳ್ಳಿ" ಎಂದೆ.

ಆಯ್ಕೆ ನಡೆದದ್ದು ಬನಶಂಕರಿ ಕಡೆಯ ಒಂದು ಕಾಲೇಜು ಮೈದಾನದಲ್ಲಿ. ಮೊದಲರ್ಧದಲ್ಲೇ ಎರಡು ಗೋಲು ಹಾಕಿದಳು. ಕುರ್ಚಿಯಲ್ಲಿ ಕೂತಿದ್ದ ಆಯ್ಕೆಗಾರರು ಪೆನ್ನು ಕೈಗೆತ್ತಿಕೊಂಡದ್ದನ್ನು ನಾನೇ ನೋಡಿದೆ. ಎರಡನೇ ಅರ್ಧದಲ್ಲಿ ಚೆಂಡು ನೆಲಕ್ಕೆ ಬಿತ್ತು. ಇವಳೂ ಬೇರೆ ಜಿಲ್ಲೆಯ ಒಬ್ಬ ಎತ್ತರದ ಹುಡುಗಿಯೂ ನುಗ್ಗಿದರು. ಆ ಹುಡುಗಿ ಜಾರಿ ಬಿದ್ದಳು, ಇವಳ ಶೂ ಅವಳ ಅಂಗೈ ಮೇಲೆ ಹೋಯಿತು. ಚೆಂಡು ಇವಳ ಮುಂದೆಯೇ, ಒಂದು ಮೊಳದಲ್ಲಿತ್ತು.

ಇವಳು ಬಗ್ಗಲಿಲ್ಲ. ಕೈ ಕಣ್ಣಿಗೆ ಹೋಗಲಿಲ್ಲ. ತಿರುಗಿ ಗೆರೆಯಾಚೆ ನಿಂತಿದ್ದ ನನ್ನ ಮುಖ ನೋಡಿದಳು. ಸುತ್ತು ಓಡಿಸುವ ಮೊದಲು ನೋಡುತ್ತಿದ್ದಳಲ್ಲ, ಅದೇ ನೋಟ. ಇನ್ಯಾರದೋ ಕೋಲು ಬಂದು ಚೆಂಡನ್ನು ಎತ್ತಿಕೊಂಡು ಹೋಯಿತು. "ಆಡೇ, ಆಡು!" ಎಂದು ಕಿರುಚಿದೆ, ಅದರಿಂದ ಇನ್ನಷ್ಟು ಹೆದರಿದಳು. ಆಮೇಲೆ ಚೆಂಡು ಬಿದ್ದಾಗಲೆಲ್ಲ ಹೆಜ್ಜೆ ನಿಧಾನ ಮಾಡಿ ನನ್ನ ಕಡೆ ನೋಡುವುದೇ ಆಯಿತು. ಕಣ್ಣಿಗೊತ್ತಿಕೊಂಡಿದ್ದರೆ ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತಿತ್ತು.

ಪಟ್ಟಿಯಲ್ಲಿ ಹೆಸರು ಬರಲಿಲ್ಲ. "ಹುಡುಗಿ ಸಖತ್ತಾಗಿ ಓಡ್ತಾಳೆ ಮೇಡಂ. ಆದ್ರೆ ಚೆಂಡು ಕೆಳಗೆ ಬಿದ್ರೆ ಹೆದರ್ಕೋತಾಳೆ" ಎಂದರು ಆಯ್ಕೆಗಾರರಲ್ಲೊಬ್ಬರು. ಅವಳು ಹೆದರಿದ್ದು ಚೆಂಡಿಗಲ್ಲ, ನನಗೆ. ಗೇಟಿನ ಹತ್ತಿರ ಅವಳಪ್ಪನಿಗೆ ಮಾತ್ರ ಹೇಳಿದೆ, "ತಪ್ಪು ನಂದು ಸಾರ್. ಇನ್ನೊಂದು ವರ್ಷ ಕೊಡಿ." ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು. "ನೀವು ಕಷ್ಟಪಟ್ರಿ ಮೇಡಂ. ಅವಳ ಹಣೇಲಿ ಬರ್ದಿಲ್ಲ ಬಿಡಿ" ಎಂದು ಸ್ಕೂಟರ್ ಸ್ಟಾರ್ಟ್ ಮಾಡಿದರು.

ಸೋಮವಾರ ಶಾಲೆಯ ಕೋಲನ್ನು ವಾಪಸ್ ಕೊಡಲು ಬಂದಳು. ಬಲೆಯನ್ನು ತೊಳೆದು ಒಣಗಿಸಿದ್ದಳು. ಎರಡೂ ಕೈಯಲ್ಲಿ ಕೊಟ್ಟು, ಹೋಗದೆ ಅಲ್ಲೇ ನಿಂತಳು.

"ಏನಮ್ಮಾ?"

"ಮೇಡಂ, ಅವತ್ತು ನಾನು ಕಣ್ಣಿಗೆ ಒತ್ಕೊಳ್ಲಿಲ್ಲ. ನೀವು ನೋಡುದ್ರಲ್ವಾ?"

"ನೋಡ್ದೆ ಕಣಮ್ಮ."

"ಹಂಗಾರೆ ಸರಿ ಮೇಡಂ" ಎಂದು ನಕ್ಕು, ಬೆಲ್ ಆಯಿತೆಂದು ಕ್ಲಾಸಿಗೆ ಓಡಿದಳು.