ಚಪ್ಪಲಿ ಮೆಟ್ಟಿದ ಸ್ಟೂಲು

ಪರದೆ ಅಂಗಡಿಯ ಸಾಹುಕಾರರು ಇನ್ನೂ ಐದು ಸ್ಟೂಲು ಬಾಕಿ ಉಳಿಸಿಕೊಂಡಿದ್ದಾರೆ. ಬರಬೇಕಾದದ್ದು ಆರು, ವಸೂಲಾದದ್ದು ಒಂದು. ವಸೂಲು ಮಾಡಿದವಳು ಚೆಂಡಕ್ಕ.

ಚೆಂಡಕ್ಕ ಆ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ನಿಂತಿದ್ದಾಳೆ. ಕೆಲಸ ಮಾಡುತ್ತಿದ್ದಾಳೆ ಎಂದರೂ ಆದೀತು, ಆದರೆ ನಿಂತಿದ್ದಾಳೆ ಅನ್ನುವುದೇ ಸರಿ. ಪರದೆ, ಹಾಸಿಗೆ ಹೊದಿಕೆ, ಟವೆಲು, ದಿಂಬಿನ ಚೀಲ ಮಾರುವ ಉದ್ದನೆಯ ಅಂಗಡಿ. ಆರು ಕೌಂಟರು, ಆರು ಹೆಂಗಸರು. ಬೆಳಗ್ಗೆ ಹತ್ತಕ್ಕೆ ನಿಂತರೆ ರಾತ್ರಿ ಎಂಟಕ್ಕೆ ಬಿಡುಗಡೆ, ನಡುವೆ ಊಟಕ್ಕೆ ಅರ್ಧ ಗಂಟೆ. ಇಡೀ ಅಂಗಡಿಗೆ ಇರುವುದು ಒಂದೇ ಕುರ್ಚಿ. ಗಲ್ಲಾಪೆಟ್ಟಿಗೆಯ ಹಿಂದೆ, ತಿರುಗುವಂಥದ್ದು, ಮೆತ್ತೆ ಹಾಕಿದ್ದು. ಅದರಲ್ಲಿ ಸಾಹುಕಾರರು.

ಹೋದ ವರ್ಷ ಚೆಂಡಕ್ಕನ ಬಲಗಾಲಿನ ಹಿಮ್ಮಡಿ ಹಿಡಿದುಕೊಂಡಿತು. ಬೆಳಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ಗಾಜಿನ ಚೂರು ತುಳಿದ ಹಾಗೆ. ಡಾಕ್ಟರು ಒತ್ತಿ ನೋಡಿ, "ಜಾಸ್ತಿ ನಿಲ್ಬೇಡಿ" ಅಂದರು. ಮೀನಿಗೆ ಈಜಬೇಡ ಅಂದಂತಾಯಿತು. ಅವಳು ಸಾಹುಕಾರರ ಮುಂದೆ ಹೋಗಿ, ಗಿರಾಕಿ ಇಲ್ಲದಾಗ ಕೂರಲಿಕ್ಕೆ ಒಂದು ಸ್ಟೂಲು ಕೇಳಿದಳು. ಹತ್ತೊಂಬತ್ತು ವರ್ಷದಲ್ಲಿ ಎಷ್ಟನೆಯ ಸಲ ಅಂತ ಅವಳೇ ಲೆಕ್ಕ ಬಿಟ್ಟಿದ್ದಳು.

ಸಾಹುಕಾರರು ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ, "ಕೂತು ಉಣ್ಣೋನಿಗೆ ಕುಡಿಕೆ ಹೊನ್ನೂ ಸಾಲದು ಅಂತಾರಮ್ಮ. ನಿಲ್ಲೋಕಾಗದೋರು ಕೆಲಸ ನಿಲ್ಲಿಸಬಹುದು. ನಾನೇನು ಬಲವಂತ ಮಾಡಲ್ಲ" ಅಂದರು.

ಗಾದೆಗೆ ಗಾದೆ ಅವಳ ಬಾಯಲ್ಲೂ ಇತ್ತು. ಆದರೆ ಮನೆ ನಡೆಯಬೇಕಲ್ಲ. ನುಂಗಿಕೊಂಡು ಬಂದಳು.

ಅವಳ ಗಂಡ ಕೋರ್ಟಿನಲ್ಲಿ ಕೆಲಸ ಮಾಡುತ್ತಾನೆ. ಹಾಗಂದಾಗ ಜನ ಕರಿಕೋಟು ನೆನೆಸಿಕೊಂಡು ಸ್ವಲ್ಪ ನೆಟ್ಟಗೆ ನಿಲ್ಲುತ್ತಾರೆ. ಅವನು ಗುಡಿಸುವುದು ಟೆನಿಸ್ ಕೋರ್ಟು. ಆಡುವವರು ನಾಲ್ಕು ದಿನ ಬಾರಿಸಿ ಎಸೆದ ಚೆಂಡುಗಳನ್ನು ಚೀಲ ತುಂಬಿ ಮನೆಗೆ ತರುತ್ತಿದ್ದ. "ಕಸ ತರೋದಕ್ಕೂ ಒಂದು ಮಿತಿ ಬೇಕು" ಎಂದು ಅವಳು ಬೈಯುತ್ತಿದ್ದಳು. ಆವತ್ತು ಮಾತ್ರ ಅವನು ಒಂದು ಚೆಂಡನ್ನು ಅವಳ ಕಾಲಡಿ ಉರುಳಿಸಿ ಬಿಟ್ಟ.

"ಪಾದದ ಅಡಿಗೆ ಹಾಕ್ಕೊಂಡು ಹಿಂದೆ ಮುಂದೆ ಉಜ್ಜು. ಆಡೋರೆಲ್ಲ ಹಂಗೇ ಮಾಡ್ತಾರೆ."

"ಆಡೋರ ಕಾಲೇ ಬೇರೆ, ನಿಲ್ಲೋರ ಕಾಲೇ ಬೇರೆ" ಅಂದಳು. ಅಂದರೂ ಉಜ್ಜಿದಳು. ಕಾಲು ಗಂಟೆ ಕಳೆದ ಮೇಲೆ ನೋವು ಇಳಿಯಿತು. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಮದ್ದು ಮಂಚದ ಕೆಳಗೆ ಚೀಲದಲ್ಲೇ ಕೊಳೆಯುತ್ತಿತ್ತು.

ಅಲ್ಲಿಂದ ಮನೆಯಲ್ಲಿ ಚೆಂಡಿನ ರಾಜ್ಯ ಶುರುವಾಯಿತು. ಒಂದನ್ನು ಅರ್ಧಕ್ಕೆ ಕೊಯ್ದು ಅತ್ತೆಯ ಕೈಗೆ ಕೊಟ್ಟಳು. ಬಿಗಿದ ಡಬ್ಬಿ ಮುಚ್ಚಳಕ್ಕೆ ಅದನ್ನು ಕವುಚಿ ತಿರುಗಿಸಿದರೆ ಮುದುಕಿಯ ಬೆರಳಿಗೂ ಬಿಚ್ಚುತ್ತದೆ. ಪೊರಕೆ ಕೋಲಿನ ತುದಿಗೆ ಒಂದನ್ನು ಸಿಕ್ಕಿಸಿದಳು, ನೆಲದ ಮೇಲಿನ ಬೂಟಿನ ಕಪ್ಪು ಗೀರು ಬಗ್ಗದೆಯೇ ಹೋಗುತ್ತದೆ. ಗಂಡ ಅಂಗಾತ ಮಲಗಿದರೆ ಗೊರಕೆಗೆ ಮಾಡಿನ ತಗಡು ನಡುಗುತ್ತಿತ್ತು. ಅವನ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಒಳಗೊಂದು ಚೆಂಡು ತುರುಕಿದಳು. ಅಂಗಾತ ಆದ ಕೂಡಲೇ ಬೆನ್ನಿಗೆ ಒತ್ತಿ, ಬಡಪಾಯಿ ತಾನಾಗಿ ಮಗ್ಗುಲಾಗುತ್ತಾನೆ.

"ಔಷಧಿ ಹೇಳಿಕೊಟ್ಟೋನಿಗೇ ಶಿಕ್ಷೆ" ಅಂತ ಅವನ ದೂರು.

"ಕೋರ್ಟಲ್ಲಿದ್ದೀಯಲ್ಲ, ಕೇಸು ಹಾಕು" ಅಂತ ಅತ್ತೆ.

ಅಂಗಡಿಗೂ ಚೆಂಡು ಬಂತು. ಕೌಂಟರಿನ ಹಿಂದೆ ಒಂದು ಕಾಲಿನ ಚಪ್ಪಲಿ ಕಳಚಿ ಉಜ್ಜುತ್ತ, ಮೇಲೆ ಮುಖ ಗಂಟಿಕ್ಕದೆ ಪರದೆ ಬಿಡಿಸಿ ತೋರಿಸುತ್ತಿದ್ದಳು. ವಾರದಲ್ಲಿ ಆರು ಹೆಂಗಸರ ಕಾಲಡಿ ಆರು ಚೆಂಡು. ಅವಳಿಗೆ ಆ ಹೆಸರು ಬಿದ್ದದ್ದು ಆಗ.

ಆದರೆ ಚೆಂಡು ನೋವನ್ನು ಅತ್ತಿತ್ತ ಉರುಳಿಸುತ್ತದೆ, ಊರು ಬಿಡಿಸುವುದಿಲ್ಲ. ಸಂಜೆ ಆರರ ಮೇಲೆ ಹಿಮ್ಮಡಿ ಮತ್ತೆ ಕೂಗುತ್ತಿತ್ತು. ಹೀಗೇ ಆದರೆ ಕೆಲಸ ಬಿಡಬೇಕಾದೀತು ಎಂದು ಅವಳಿಗೆ ಗೊತ್ತಾಯಿತು. ಒಂದು ದಿನ ಮನೆಯ ಮರದ ಸ್ಟೂಲನ್ನೇ ತಂದು, ಮಾದರಿಗೆ ತೂಗುಬಿಟ್ಟ ಪರದೆಯ ಹಿಂದೆ ಅಡಗಿಸಿದಳು. ಮಧ್ಯಾಹ್ನ ಎಳೆದುಕೊಂಡಳೋ ಇಲ್ಲವೋ, ನುಣುಪು ಟೈಲ್ಸ್ ಮೇಲೆ ಅದು ಕರ್‍ರ್ ಅಂದಿತು.

"ಏನದು ಸದ್ದು?" ಗಲ್ಲಾಪೆಟ್ಟಿಗೆಯಿಂದ ಪ್ರಶ್ನೆ. ಸಾಹುಕಾರರ ಕಿವಿ ಅಂಥದ್ದು, ನಾಣ್ಯ ಬಿದ್ದರೆ ಎಷ್ಟರದ್ದು ಅಂತ ಹೇಳುತ್ತಾರೆ.

"ನನ್ನ ಮೂಳೆ, ಯಜಮಾನ್ರೇ" ಅಂದಳು ಚೆಂಡಕ್ಕ.

ಮಾರನೆಯ ದಿನ ನಾಲ್ಕು ಚೆಂಡಿಗೆ ಚಾಕುವಿನಿಂದ ಕತ್ತರಿ ಗುರುತಿನ ಹಾಗೆ ಸೀಳು ಹಾಕಿ, ಸ್ಟೂಲಿನ ನಾಲ್ಕು ಕಾಲಿಗೂ ತೊಡಿಸಿದಳು. ಎಳೆದರೆ ಬೆಕ್ಕು ನಡೆದ ಹಾಗೆ. ಆರು ಜನ ಸರದಿ ಹಾಕಿಕೊಂಡರು, ತಲಾ ಹತ್ತು ನಿಮಿಷ. ಮೂರು ವಾರ ನಡೆಯಿತು. ವ್ಯಾಪಾರ ಒಂದು ಮೊಳವೂ ಕಡಿಮೆಯಾಗಲಿಲ್ಲ.

ನಾಲ್ಕನೆಯ ವಾರ ಸಾಹುಕಾರರು ಕೆಳಗೆ ಬಿದ್ದ ಬೀಗದ ಕೈ ಎತ್ತಲು ಬಗ್ಗಿದವರು ಬಗ್ಗಿದಂತೆಯೇ ಉಳಿದರು. ದಿನವಿಡೀ ಕೂತವರ ಸೊಂಟ. ಮೇಲೇಳಲೊಲ್ಲದು, ಕೂರಲೊಲ್ಲದು. ಚೆಂಡಕ್ಕ ತನ್ನ ಕಾಲಡಿಯ ಚೆಂಡನ್ನು ಎತ್ತಿಕೊಂಡು, ಅವರ ತೋಳು ಹಿಡಿದು ತನ್ನ ಕೌಂಟರಿನ ಹತ್ತಿರದ ಗೋಡೆಗೆ ನಡೆಸಿದಳು.

"ಗೋಡೆಗೂ ಬೆನ್ನಿಗೂ ನಡುವೆ ಇದನ್ನಿಟ್ಕೊಂಡು ಒರಗಿ. ಮೆಲ್ಲಗೆ ಮೇಲೆ ಕೆಳಗೆ. ಮೂಳೆ ಮೇಲೆ ಬೇಡ, ಪಕ್ಕದ ಮಾಂಸದ ಮೇಲೆ."

"ಇದು ನಿನ್ನ ಕಾಲಡಿ ಇದ್ದದ್ದಲ್ವೇನಮ್ಮ?"

"ನಾವು ಆರು ಜನ ನಿಮ್ಮ ಕಾಲಡಿ ಇಲ್ವಾ? ನಮಗೇನಾಗಿದೆ? ಒರಗಿ."

ಒರಗಿದರು. ಕಣ್ಣು ಮುಚ್ಚಿದರು. ಬಾಯಿಂದ ಹಾಯೆನ್ನುವ ಸದ್ದೊಂದು ಹೊರಟಿತು. ಟವೆಲು ಕೌಂಟರಿನವಳು ನಗು ತಡೆಯಲು ಟವೆಲನ್ನೇ ಕಚ್ಚಿಕೊಂಡಳು. ಮೇಲೆ ಕೆಳಗೆ ಉಜ್ಜುವಾಗ ಸಾಹುಕಾರರ ಭುಜ ಪಕ್ಕದ ಪರದೆಗೆ ತಾಗಿ, ಪರದೆ ಸರ್ರನೆ ಸರಿಯಿತು. ಹಿಂದೆ ಸ್ಟೂಲು.

"ಇದೇನು?"

"ಸ್ಟೂಲು."

"ಕಾಲಿಗೇನು?"

"ಚಪ್ಪಲಿ."

"ಎಷ್ಟು ದಿನದಿಂದ?"

"ಮೂರು ವಾರ ಆಯ್ತು."

"ನನಗೆ ಕೇಳಿಸ್ಲೇ ಇಲ್ವಲ್ಲ."

"ಹತ್ತೊಂಬತ್ತು ವರ್ಷ ಬಾಯಿಬಿಟ್ಟು ಕೇಳಿದ್ವಿ. ಆಗಲೂ ನಿಮಗೆ ಕೇಳಿಸ್ಲಿಲ್ಲ."

ಸಾಹುಕಾರರಿಗೆ ರೇಗಿತು. ಹೊರಗೆ ಎಸೆಯಿರಿ ಅನ್ನಲು ಒಂದು ಹೆಜ್ಜೆ ಮುಂದಿಟ್ಟರು. ಬೆನ್ನಿನ ಚೆಂಡು ಜಾರಿ ಬಿತ್ತು, ಸೊಂಟ ಮತ್ತೆ ಹಿಡಿಯಿತು. ಚೆಂಡು ಉರುಳಿ ಚೆಂಡಕ್ಕನ ಕಾಲಿಗೇ ಬಂದು ನಿಂತಿತು. ಅವಳು ಎತ್ತಿಕೊಂಡಳು. ಕೊಡಲಿಲ್ಲ.

"ಕೂತು ಉಣ್ಣೋರ ಗಾದೆ ಹೇಳಿದ್ರಲ್ಲ" ಅಂದಳು. "ನಿಮ್ಮ ಕುಡಿಕೆಗೆ ಇಲ್ಲಿ ತನಕ ಏನೂ ಆಗಿಲ್ಲ. ನಮ್ಮದೊಂದು ಸ್ಟೂಲು. ಇರ್ಲೋ, ಬೇಡ್ವೋ?"

ಉಳಿದ ಐದು ಜನವೂ ನೋಡುತ್ತ ನಿಂತಿದ್ದರು. ಇಬ್ಬರು ಗಿರಾಕಿಗಳೂ ನಿಂತಿದ್ದರು.

"ಇರಲಿ, ಇರಲಿ. ಚೆಂಡು ಕೊಡಮ್ಮ ಮೊದಲು."

ಸ್ಟೂಲು ಪರದೆಯ ಹಿಂದಿನಿಂದ ಹೊರಗೆ ಬಂತು. ಚೆಂಡಕ್ಕನ ಹಿಮ್ಮಡಿ ಈಗ ತಾಳುವಷ್ಟಿದೆ, ಕೆಲಸವೂ ಉಳಿದಿದೆ. ಉಳಿದ ಐದರ ಮಾತೆತ್ತಿದರೆ ಸಾಹುಕಾರರು, "ಒಂದಿದೆಯಲ್ಲ, ಹಂಚಿಕೊಳ್ಳಿ" ಅನ್ನುತ್ತಾರೆ. ತಮ್ಮ ಕುರ್ಚಿಯನ್ನು ಯಾರ ಜೊತೆಗೂ ಹಂಚಿಕೊಂಡದ್ದು ಕಾಣೆ.

ನೀವು ಇದನ್ನು ಕೂತೇ ಓದಿದ್ದೀರಿ ತಾನೆ? ಹಾಗಾದರೆ ನಾಳೆ ಯಾವ ಅಂಗಡಿಗಾದರೂ ಹೋದಾಗ ಕೌಂಟರಿನ ಹಿಂದೆ ಒಮ್ಮೆ ಬಗ್ಗಿ ನೋಡಿ. ಸ್ಟೂಲು ಕಾಣದಿದ್ದರೆ ಸಾಮಾನಿನ ಬೆಲೆ ಆಮೇಲೆ. ಮೊದಲು "ಇವರ ಸ್ಟೂಲೆಲ್ಲಿ?" ಅಂತ ಕೇಳಿ. ಗಲ್ಲಾಪೆಟ್ಟಿಗೆಗೆ ಕೇಳಿಸುವ ಹಾಗೆ ಕೇಳಿ.