ನೋವೇ ಗೊತ್ತಾಗದ ಮೈಗಳ ಕಾವಲು

ಒಂದು ಗಾಲಿಕುರ್ಚಿಗೆ ಆ ಊರಿನ ಕೂಲಿಯವನ ಮೂರು ತಿಂಗಳ ದುಡಿಮೆ ಬೇಕು. ಅದರ ಮೇಲಿಡುವ ಕುಶನ್ನಿಗೆ ಒಂದು ವಾರದ ದುಡಿಮೆ ಸಾಕು. ಕುಶನ್ನಿಗೆ ತೊಡಿಸಿದ ಹೂವಿನ ಗವಸಿಗೆ ಖರ್ಚೇ ಇಲ್ಲ, ಅದು ಯಾರೋ ಕೊಟ್ಟ ಪರದೆ ಬಟ್ಟೆಯ ಉಳಿಕೆ. ಆದರೆ ಆ ಬಿಟ್ಟಿ ಗವಸಿನಿಂದ ಒಂದು ಹುಣ್ಣು ಎದ್ದರೆ ತಿಂಗಳುಗಟ್ಟಲೆ ಆಸ್ಪತ್ರೆಯ ಮಂಚ. ತಡವಾದರೆ ಜೀವ. ಈ ಲೆಕ್ಕ ಹೊಲಿಗೆ ಟೀಚರಿಗೆ ಬಾಯಿಪಾಠವಾಗಿದೆ. ಗವಸು ಹೊಲಿದವರು ಅವರೇ.

ಇನ್ನೂ ಬೆಳಕು ಹರಿದಿಲ್ಲ. ನೆಲಮಹಡಿಯ ಒಂದು ಕೋಣೆ, ಗೋಡೆಗಂಟಿದ ಮಂಚ, ಪಕ್ಕದಲ್ಲಿ ಕಾಲು ಕೊಯ್ದು ಗಿಡ್ಡ ಮಾಡಿದ ಇಸ್ತ್ರಿ ಮೇಜು. ಗೋಡೆ ಕುಸಿದು ಬೆನ್ನುಮೂಳೆ ಮುರಿದುಕೊಂಡ ಇಸ್ತ್ರಿಯಾಕೆ ಮಗ್ಗುಲಾಗಿ ಮಲಗಿದ್ದಾಳೆ. ಟೀಚರ್ ಕೈ ತೊಳೆದು, ಉಜ್ಜಿಕೊಂಡು, ಟಾರ್ಚ್ ಹಿಡಿದು ಆಕೆಯ ಸೊಂಟದ ಹತ್ತಿರ ಬಾಗುತ್ತಾರೆ. ಆಕೆ ಏನೋ ಕಿರುಚುತ್ತಾಳೆ. ಬಾಗಿಲಾಚೆ ಗೋಡೆಗೆ ಮುಖ ಮಾಡಿ ನಿಂತ ಚಾಲಕ ಅಲ್ಲಿಂದಲೇ ಹೇಳುತ್ತಾನೆ: "ಅಜ್ಜೀ, ಕೈ ತಣ್ಣಗೆ ಕೊರೀತಿದೆ ಅಂತ ಬೈತಿದ್ದಾಳೆ. ಮೀನು ಮುಟ್ಟಿದ ಹಾಗಾಯ್ತಂತೆ."

"ಬೈಯಲಿ ಬಿಡೋ. ಬೆನ್ನು ಮುಟ್ಟಿದ್ದಕ್ಕೆ ಗೊತ್ತಾಯ್ತು. ಒಂದು ಗೇಣು ಕೆಳಗೆ ಕೆಂಡ ಇಟ್ರೂ ಗೊತ್ತಾಗಲ್ಲ ಇವಳಿಗೆ," ಎನ್ನುತ್ತಾರೆ ಟೀಚರ್.

ಚಾಲಕ ಆ ಪರದೇಶದವನೇ. ಹಿಂದೊಮ್ಮೆ ಕಟ್ಟಡದ ಕೆಲಸದಲ್ಲಿ ನಮ್ಮ ಕಡೆಯ ಬಡಗಿಗಳ ಜೊತೆ ವರ್ಷಗಟ್ಟಲೆ ಇದ್ದು ನಮ್ಮ ಮಾತು ಕಲಿತವನು. ಟೀಚರಿಗೂ ಅವರ ಗಂಡನಿಗೂ ಅವನೇ ಕಿವಿ, ಅವನೇ ಬಾಯಿ.

ಕೂತಾಗ ಭಾರ ಹೊರುವ ಎಲುಬಿನ ಮೇಲಿನ ಚರ್ಮವನ್ನು ಟೀಚರ್ ನೋಡುತ್ತಾರೆ. ಅಲ್ಲೊಂದು ಕೆಂಪು ಮಚ್ಚೆ. ಬೆರಳಿನಿಂದ ಒತ್ತಿ ಬಿಡುತ್ತಾರೆ. ಒತ್ತಿದ ಜಾಗ ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಎಂದರ್ಥ. ಒತ್ತಿದರೂ ಕೆಂಪು ಕೆಂಪಾಗಿಯೇ ಇದ್ದರೆ ಒಳಗೆ ಮಾಂಸ ಸಾಯುತ್ತಿದೆ. ಇಡೀ ರಾತ್ರಿ ಮಲಗೆದ್ದರೂ ಮಾಯದ ಮಚ್ಚೆಯೇ ಅಪಾಯದ್ದು. ಹಾಗಾಗಿ ಈ ಕೆಲಸಕ್ಕೆ ಬೆಳಗಿನ ಜಾವವೇ ಬೇಕು, ಅವರು ಕುರ್ಚಿ ಏರುವ ಮೊದಲು.

ಮಚ್ಚೆ ಬಿಳಿಚುತ್ತದೆ. ಟೀಚರ್ ಟಾರ್ಚ್ ಆರಿಸುತ್ತಾರೆ. ಹೊರಗೆ ಅಂಗಳದಲ್ಲಿ ಆಕೆಯ ಕುರ್ಚಿಯನ್ನು ಬೋರಲು ಹಾಕಿಕೊಂಡು ಬ್ರೇಕ್ ಬಿಗಿ ಮಾಡುತ್ತಿರುವ ಟೀಚರ್ ಯಜಮಾನರು ತಲೆಯೆತ್ತದೆ ಕೇಳುತ್ತಾರೆ, "ಹೇಗಿದೆಯೇ?"

"ಚೆನ್ನಾಗಿದೆ ರೀ."

"ಹಾಗಾದ್ರೆ ಉಳಿದಿದ್ದು ಒಬ್ಬನೇ."

ಟೀಚರ್ ಮತ್ತೆ ಕೈ ತೊಳೆದುಕೊಳ್ಳುತ್ತಾರೆ.

ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಟೀಚರ್ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿದವರು. ಮಕ್ಕಳ ಜವಾಬ್ದಾರಿ ಮುಗಿದ ಮೇಲೆ ತಮ್ಮ ಚರ್ಚಿನ ಸೇವಾ ವಿಭಾಗಕ್ಕೆ ಹೆಸರು ಕೊಟ್ಟು ಈ ಪರದೇಶಕ್ಕೆ ಬಂದಿದ್ದಾರೆ. ವಯಸ್ಸಾದ ದಂಪತಿಗಳನ್ನು ಹೀಗೆ ಮಿಷನರಿಗಳಾಗಿ ಕಳಿಸುವುದು ಅವರ ಸಭೆಯ ಪದ್ಧತಿ. ಸಂಬಳವಿಲ್ಲ, ಬಾಡಿಗೆ ಊಟ ಎಲ್ಲ ತಮ್ಮದೇ ಪಿಂಚಣಿಯಲ್ಲಿ. ಗಂಡ ಹೆಂಡತಿ ಬೇರೆ ಬೇರೆ ಹೋಗುವಂತಿಲ್ಲ, ಎಲ್ಲಿಗೆ ಹೋದರೂ ಜೋಡಿಯಾಗಿಯೇ. ಹೆಂಗಸರ ಮೈಯನ್ನು ಟೀಚರ್ ನೋಡುತ್ತಾರೆ, ಗಂಡಸರದನ್ನು ಯಜಮಾನರು.

ಧರ್ಮಪ್ರಚಾರ ಮಾಡುತ್ತೀರಾ ಎಂದರೆ ಯಜಮಾನರಿಗೆ ನಗು. "ಬೈಬಲ್ ಚೀಲದಲ್ಲೇ ಇದೆ. ಕೇಳಿದ್ರೆ ಓದಿ ಹೇಳ್ತೀನಿ. ಇಲ್ಲೀವರೆಗೆ ಯಾರೂ ಕೇಳಿಲ್ಲ. ಚಕ್ರ ಕಿರ್ ಅಂತಿದೆ ಎಣ್ಣೆ ಬಿಡಿ ಅಂತಾರೆ, ಬಿಡ್ತೀನಿ."

ಅವರ ಕೆಲಸ ಕುರ್ಚಿ ಹಂಚುವುದಲ್ಲ, ಹೊಂದಿಸುವುದು. ತೊಡೆಯ ಉದ್ದ, ಸೊಂಟದ ಅಗಲ ಅಳೆದು ಕುರ್ಚಿ ಸರಿಮಾಡುತ್ತಾರೆ. ಆಮೇಲೆ ಕೂತವರ ಕೆಳಗೆ ಅಂಗೈ ತೂರಿಸಿ, ಎಲುಬು ಎಷ್ಟು ಒತ್ತುತ್ತಿದೆ ಎಂದು ನೋಡುತ್ತಾರೆ. ಕುಶನ್ ಚಪ್ಪಟೆಯಲ್ಲ. ಹಿಂಭಾಗದಲ್ಲಿ ಎಲುಬು ಕೂರಲು ಒಂದು ತಗ್ಗು, ಮುಂಭಾಗದಲ್ಲಿ ತೊಡೆಗೆ ಆನಿಕೆಯಾಗಿ ದಿಬ್ಬ. ಅದನ್ನು ತಿರುಗುಮುರುಗಾಗಿ ಇಟ್ಟರೆ ದಿಬ್ಬದ ಮೇಲೆ ಎಲುಬು ಕೂರುತ್ತದೆ. ನಮಗಾದರೆ ಐದು ನಿಮಿಷಕ್ಕೆ ಉರಿ ಹತ್ತಿ ಎದ್ದುಬಿಡುತ್ತೇವೆ. ಸೊಂಟದ ಕೆಳಗೆ ಅರಿವಿಲ್ಲದವರು ಸಂಜೆಯವರೆಗೂ ಆರಾಮವಾಗಿ ಕೂತಿರುತ್ತಾರೆ.

"ನೋವಾದ್ರೆ ಮನುಷ್ಯ ಕೂಗ್ತಾನೆ," ಎನ್ನುತ್ತಾರೆ ಟೀಚರ್. "ಇವರು ಕೂಗಲ್ಲ. ನಗ್ತಾ ಮಾತಾಡ್ತಾ ಇರ್ತಾರೆ, ಕೆಳಗೆ ಮಾಂಸ ಕೊಳೀತಾ ಇರುತ್ತೆ. ನನಗೆ ಅವರು ನಕ್ಕರೇ ಭಯ."

ಕಳೆದ ಚಳಿಗಾಲದಲ್ಲಿ ಇಪ್ಪತ್ತಾರು ಜನರಿಗೆ ಕುರ್ಚಿ ಕೊಡುವ ಶಿಬಿರವಾಯಿತು. ದೊಡ್ಡವರು ಬರುವವರಿದ್ದರು, ಫೋಟೊ ತೆಗೆಯುವವರಿದ್ದರು. ಕಪ್ಪು ರೆಕ್ಸಿನ್ ಹೊದಿಕೆಯ ಕುಶನ್‌ಗಳು ಟೀಚರ್ ಕಣ್ಣಿಗೆ ಬೋಳುಬೋಳಾಗಿ ಕಂಡವು. ವಾರವಿಡೀ ಮಷಿನ್ ತುಳಿದು ಎಲ್ಲಕ್ಕೂ ಹೂವಿನ ಗವಸು ಹೊಲಿದರು. ನಾಲ್ಕೂ ಕಡೆ ಒಂದೇ ಅಳತೆ, ಎಳೆದು ಕಟ್ಟಿದಂತೆ ಬಿಗಿ. ರೆಕ್ಸಿನ್ ಮೇಲೆ ಮುಂಭಾಗ ತೋರಿಸುವ ಬಾಣದ ಗುರುತಿತ್ತು. ಗವಸು ಅದನ್ನು ನುಂಗಿಹಾಕಿತು. ತಗ್ಗು ದಿಬ್ಬ ಎರಡೂ ಕಣ್ಣಿಗೆ ಕಾಣದಾದವು.

"ಇವಳ ಕೈಗೆ ಬಟ್ಟೆ ಸಿಕ್ಕರೆ ವಿದ್ಯುತ್ ಕಂಬಕ್ಕೂ ಲಂಗ ಹೊಲೀತಾಳೆ ಅಂತ ತಮಾಷೆ ಮಾಡಿದ್ದೆ ಅವತ್ತು," ಎನ್ನುತ್ತಾರೆ ಯಜಮಾನರು. "ನಾನಾದ್ರೂ ಬೇಡ ಅನ್ನಬಹುದಿತ್ತು. ಚೆನ್ನಾಗಿದೆ ಅಂದೆ. ನಿಜವಾಗಲೂ ಚೆನ್ನಾಗಿತ್ತು."

ಶಿಬಿರದ ದಿನ ಎಲ್ಲರ ಕುಶನ್ ಸರಿಯಾಗಿಯೇ ಇತ್ತು. ಅಂಗೈ ಇಟ್ಟು ನೋಡಿಯೇ ಕಳಿಸಿದ್ದರು. ಯಾರೂ ಯೋಚಿಸದ ಸಂಗತಿಯೆಂದರೆ ಒಗೆತ. ಚೆಂದದ ಗವಸನ್ನು ಜನ ಜೋಪಾನ ಮಾಡಿದರು, ಮಾಸಿದಾಗ ಬಿಚ್ಚಿ ಒಗೆದರು, ಮತ್ತೆ ತೊಡಿಸಿ ಕೈಗೆ ಬಂದ ಹಾಗೆ ಕುರ್ಚಿಯ ಮೇಲಿಟ್ಟರು. ಎರಡು ತಿಂಗಳ ನಂತರ ಹೂ ಮಾರುವ ಮುದುಕಿಯೊಬ್ಬಳ ಕುರ್ಚಿ ನೋಡಲು ಹೋದಾಗ ಟೀಚರ್ ಅಂಗೈಗೆ ತಗ್ಗಿನ ಬದಲು ದಿಬ್ಬ ತಗುಲಿತು. ಮುದುಕಿಯ ಚರ್ಮ ಆಗಲೇ ಕಂದಿತ್ತು. ಹುಣ್ಣಾಗಿರಲಿಲ್ಲ.

ಅಂದೇ ಟೀಚರ್ ತಮ್ಮನ್ನು ಕಳಿಸಿದ ಚರ್ಚಿನ ಕಚೇರಿಗೆ ಫೋನ್ ಮಾಡಿ ತಪ್ಪು ತಮ್ಮದೆಂದು ಹೇಳಿದರು. ಆ ಕಡೆಯಿಂದ ಬಂದ ಮಾತು ಇಷ್ಟೇ: "ಮೊದಲು ಎಲ್ಲರನ್ನೂ ನೋಡಿ ಮುಗಿಸಿ. ನಿಮ್ಮ ವಿಷಯ ಆಮೇಲೆ." ಅಂದಿನಿಂದ ಬೆಳಗಿನ ಜಾವಕ್ಕೆ ಎದ್ದು ಮನೆಮನೆ ತಿರುಗುತ್ತಿದ್ದಾರೆ. ಗವಸು ಕಿತ್ತು ತರುತ್ತಾರೆ, ಚರ್ಮ ನೋಡುತ್ತಾರೆ, ಕಂದಿದವರ ಮನೆಗೆ ಮತ್ತೆ ಮತ್ತೆ ಹೋಗುತ್ತಾರೆ. ಟೀಚರಿಗೆ ಊಟ ಸೇರುವುದಿಲ್ಲ. ಮಾತಾಡುತ್ತಾ ಕೂತಾಗಲೂ ಬಲಗೈ ಅಂಗೈಯನ್ನು ಎಡಗೈಯಿಂದ ಉಜ್ಜುತ್ತಲೇ ಇರುತ್ತಾರೆ.

ಸಿಗದೆ ಉಳಿದವನು ಗಡಿಯಾರ ರಿಪೇರಿಯವನು. ಮನೆ ಖಾಲಿ ಮಾಡಿದ್ದಾನೆ, ಫೋನ್ ಹತ್ತುವುದಿಲ್ಲ. ಅವನು ಮೈಗಳ್ಳನಲ್ಲ, ಬೆಳಗ್ಗೆ ಕೂತರೆ ಕತ್ತಲಾಗುವವರೆಗೂ ಏಳುವವನಲ್ಲ. ಟೀಚರಿಗೆ ಅದೇ ದಿಗಿಲು.

ಇಸ್ತ್ರಿಯಾಕೆಯ ಮನೆಯಿಂದ ಹೊರಟು ವ್ಯಾನ್ ಹತ್ತುವಷ್ಟರಲ್ಲಿ ಚಾಲಕನ ಫೋನ್ ಬಡಿದುಕೊಳ್ಳುತ್ತದೆ. ಬ್ಯಾಟರಿ ಮಾರುವ ಪರಿಚಯದವನೊಬ್ಬ ಗಡಿಯಾರದವನನ್ನು ಹಳೆಯ ಬಸ್ ನಿಲ್ದಾಣದ ಹಿಂದಿನ ಸಂತೆಯಲ್ಲಿ ಕಂಡಿದ್ದಾನೆ. ಚಾಲಕ ವ್ಯಾನನ್ನು ಅತ್ತ ತಿರುಗಿಸುತ್ತಾನೆ.

ಸಂತೆಯ ಇಕ್ಕಟ್ಟಿನ ಓಣಿ. ಒಂದು ಹಲಗೆ, ಹಲಗೆಯ ಮೇಲೆ ಬಿಚ್ಚಿದ ಗಡಿಯಾರಗಳು, ಅದರ ಹಿಂದೆ ಕುರ್ಚಿಯಲ್ಲಿ ಅವನು. ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆದು ಬಾಯ್ತುಂಬ ನಗುತ್ತಾನೆ. "ಅಜ್ಜೀ! ನೋಡಿ, ನಿಮ್ಮ ಹೂವು ಮಾಸೋಕೆ ಬಿಟ್ಟಿಲ್ಲ. ವಾರ ವಾರ ಒಗೀತೀನಿ." ಚಾಲಕ ಇದನ್ನು ನಮ್ಮ ಮಾತಿನಲ್ಲಿ ಹೇಳುವಾಗ ಅವನ ಸ್ವರ ಸಣ್ಣಗಾಗುತ್ತದೆ.

"ಮೈ ಹೇಗಿದೆ ಕೇಳೋ," ಎನ್ನುತ್ತಾರೆ ಟೀಚರ್.

"ಚೆನ್ನಾಗಿದ್ದಾನಂತೆ. ಸಂಜೆಯಾದ್ರೆ ಸ್ವಲ್ಪ ಚಳಿ ಜ್ವರ, ಅಷ್ಟೇ ಅಂತೆ."

ಯಜಮಾನರು ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವನ ಮೊಣಕಾಲಿನ ಹಿಂದೆ ಕುಶನ್ನಿನ ಅಂಚು ಮುಟ್ಟಿ ನೋಡುತ್ತಾರೆ. ದಿಬ್ಬ ಇರಬೇಕಾದಲ್ಲಿ ತಗ್ಗು. ಹೆಂಡತಿಯ ಮುಖ ನೋಡದೆ ಎದ್ದು ನಿಲ್ಲುತ್ತಾರೆ. ಪಕ್ಕದ ಕಾಳಿನ ಅಂಗಡಿಯವನು ತನ್ನ ದಾಸ್ತಾನು ಕೋಣೆ ಬಿಟ್ಟುಕೊಡುತ್ತಾನೆ. ಗಡಿಯಾರದವನನ್ನು ಒಳಗೆ ಮೂಟೆಗಳ ಮೇಲೆ ಮಲಗಿಸಿ ಪರದೆ ಎಳೆಯುತ್ತಾರೆ.

ಟೀಚರ್ ಹೊರಗೆ ನಿಂತಿದ್ದಾರೆ. ಒಳಗಿನಿಂದ ಅವನ ಹರಟೆ ಕೇಳುತ್ತದೆ, ನಡುನಡುವೆ ಯಜಮಾನರ "ಹೂಂ, ಹೂಂ". ಆಮೇಲೆ ಹೂಂ ನಿಂತುಹೋಗುತ್ತದೆ. ಪರದೆಯ ಸಂದಿಯಿಂದ ಕೆಟ್ಟ ವಾಸನೆ ಬರುತ್ತದೆ. ಗಡಿಯಾರದವನು ಒಬ್ಬನೇ ಮಾತಾಡುತ್ತಿದ್ದಾನೆ.

"ರೀ..."

ಟೀಚರ್ ಪರದೆಯ ಹತ್ತಿರ ಸರಿಯುತ್ತಾರೆ.

"ರೀ, ಏನಾದರೂ ಮಾತಾಡಿ."

"ಗಾಡಿ ಹತ್ತಿರ ತರಿಸು ಇವಳೇ," ಎನ್ನುತ್ತಾರೆ ಯಜಮಾನರು ಒಳಗಿನಿಂದ. "ಹಿಂದಿನ ಸೀಟು ಮಡಚೋಕೆ ಹೇಳು. ಇವನು ಇನ್ನು ಕೂರಬಾರದು."

ಹಾಗೆ ಎತ್ತಿ ಒಯ್ಯುವಾಗಲೂ ಅವನದು ಒಂದೇ ಗೋಳು. ಒಂದು ಗಡಿಯಾರ ಅರ್ಧ ಬಿಚ್ಚಿದ್ದೇನೆ, ಮಧ್ಯಾಹ್ನ ಗಿರಾಕಿ ಬರುತ್ತಾನೆ, ನನಗೇನೂ ನೋವಿಲ್ಲವಲ್ಲ!

ಗಾಯ ಎಲುಬಿನವರೆಗೂ ಇಳಿದಿದೆ, ನಂಜು ರಕ್ತಕ್ಕೆ ಸೇರತೊಡಗಿದೆ ಎಂದರು ವೈದ್ಯರು. ಅಂದೇ ಶಸ್ತ್ರಚಿಕಿತ್ಸೆಯಾಯಿತು. ನಂತರದ ದಿನಗಳನ್ನು ಟೀಚರ್ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕಳೆದರು. ಬಾಗಿಲು ತೆರೆದಾಗಲೆಲ್ಲ ಬೆಚ್ಚಿ ಎದ್ದು ನಿಲ್ಲುತ್ತಿದ್ದರು. ಪ್ರಾರ್ಥನೆ ಮಾಡಿದಿರಾ ಎಂದರೆ, "ಬಾಯಿಗೆ ಮಾತೇ ಬರಲಿಲ್ಲ. ಇವರೇ ಇಬ್ಬರ ಪರವಾಗಿ ಮಾಡಿದರು," ಎನ್ನುತ್ತಾರೆ.

ಜ್ವರ ಇಳಿದ ದಿನ ಟೀಚರ್ ಅವನ ಮಂಚದ ಪಕ್ಕ ನಿಂತು, ಚಾಲಕನ ಬಾಯಿಂದ ಎಲ್ಲವನ್ನೂ ಹೇಳಿಸಿದರು. ಗವಸು ನನ್ನದು, ತಪ್ಪು ನನ್ನದು. ಬೋರಲು ಮಲಗಿದ್ದ ಅವನು ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡ. ಮೂರನೆಯ ದಿನ ಕೇಳಿದ್ದು ಒಂದೇ ಪ್ರಶ್ನೆ: "ಸಂತೆಯಲ್ಲಿ ನನ್ನ ಜಾಗ ಯಾರು ಹಿಡಿದರು?"

ಕಚೇರಿಯವರು ದಂಪತಿಯನ್ನು ವಾಪಸ್ ಕರೆಸಿಲ್ಲ. ಇವರ ಅವಧಿ ಮುಗಿಯುತ್ತಾ ಬಂದಿದೆ, ಊರಲ್ಲಿ ಸೊಸೆಯ ಹೆರಿಗೆ ಹತ್ತಿರವಿದೆ. ಆದರೂ ಗಡಿಯಾರದವನು ಎದ್ದು ಕೂರುವವರೆಗೆ ಇರಲು ಅನುಮತಿ ಕೇಳಿದ್ದಾರೆ. ದಿನವೂ ಊಟದ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋಗುತ್ತಾರೆ. ಅವನು ತಿನ್ನುತ್ತಾನೆ, ಹೆಚ್ಚು ಮಾತಾಡುವುದಿಲ್ಲ.

"ಒಂದು ಸಲ ಬಾಯಿಗೆ ಬಂದ ಹಾಗೆ ಬೈದುಬಿಟ್ಟಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಟೀಚರ್. "ಬೇರೇನೂ ಬೇಡ ನನಗೆ."

ಇಪ್ಪತ್ತೈದು ಜನರ ಮೈ ಈಗ ಕ್ಷೇಮವಾಗಿದೆ. ಗಡಿಯಾರದವನ ಜೀವ ಉಳಿದಿದೆ. ಸಂತೆಯಲ್ಲಿ ಅವನ ಜಾಗ ಹೋಗಿದೆ. ಅಲ್ಲೀಗ ಬೇರೊಬ್ಬ ಕೂತು ಚಪ್ಪಲಿ ಮಾರುತ್ತಿದ್ದಾನೆ.