ತಗಡಿನ ಅಕ್ಷರ

ಆಗ ನನಗೆ ಎಪ್ಪತ್ತೊಂದು. ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಮಾಳಿಗೆಯ ಮೇಲೆ ಬಾಡಿಗೆಗಿದ್ದಾಕೆ ಮೆಟ್ಟಿಲು ಇಳಿದರೆ ಎಡಗೈಯಲ್ಲಿ ಯಾವಾಗಲೂ ಎರಡು ಫೋನು. ಒಂದರ ಗಾಜು ಒಡೆದು, ಕೂದಲಿಗೆ ಕಟ್ಟುವ ರಬ್ಬರು ಸುತ್ತಿದ್ದಳು. ಅಂಗೈ ತುಂಬ ಪೆನ್ನಿನ ಗೀಚು, ಮರೆಯಬಾರದ್ದೆಲ್ಲ ಅಲ್ಲೇ. ನಲವತ್ತು ದಾಟಿದವಳು. ಮನೆಯಲ್ಲೇ ಕೂತು ಆ್ಯಪ್ ಮಾಡುವುದು ಅವಳ ಕೆಲಸ. ಅಡುಗೆ ಬರುತ್ತಿರಲಿಲ್ಲ. ಕನ್ನಡ ಅರ್ಧ, ಸಿಟ್ಟು ಬಂದರೆ ಪೂರ್ತಿ ಮರಾಠಿ.

ನಮ್ಮ ಓಣಿ ಸಾಂಗಲಿಯ ತಗ್ಗಿನಲ್ಲಿದೆ. ಕೃಷ್ಣೆ ಏರಿದರೆ ಮೊದಲು ನಮ್ಮ ಹೊಸ್ತಿಲಿಗೇ ಬರುತ್ತಾಳೆ. ನೀರು ಎಲ್ಲಿಗೆ ಬಂತು, ಯಾವಾಗ ಮನೆ ಬಿಡಬೇಕು ಎಂದು ಓಣಿಯವರಿಗೆ ತಿಳಿಸಲು ಅವಳೊಂದು ಆ್ಯಪ್ ಮಾಡಿದಳು, ಮರಾಠಿ ಕನ್ನಡ ಎರಡರಲ್ಲೂ. ನನ್ನ ಫೋನಿಗೂ ಹಾಕಿದಳು. ನಾನು ನೋಡಿ ತಿರುಗಿ ಕೊಟ್ಟೆ. ಅವಳು ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು.

"ಓದಾಕ ಬರ್ತದ ಅಂದಿದ್ರಲ್ಲ ಮಾವಶಿ?"

"ಬರ್ತದ. ಚೀಲದ ಮ್ಯಾಲಿಂದು ಬರ್ತದ. ಇದು ಬರಂಗಿಲ್ಲ."

ನಿಜವನ್ನೇ ಹೇಳಿದೆ. ಶಾಲೆ ಕಂಡವಳಲ್ಲ ನಾನು. ಅರಿಸಿನ ಪೇಟೆಯ ಒಂದು ಗೋದಾಮಿನಲ್ಲಿ ಮೂವತ್ತು ವರ್ಷ ಚೀಲಗಳ ಮೇಲೆ ಹೆಸರು ಹೊಡೆದೆ. ಕರ್ನಾಟಕಕ್ಕೆ ಹೋಗುವ ಚೀಲಕ್ಕೆ ಕನ್ನಡದ ತಗಡು. ಅಕ್ಷರ ಕೊರೆದ ತಗಡನ್ನು ಚೀಲದ ಮೇಲಿಟ್ಟು ಕಪ್ಪು ಬಣ್ಣದ ಕುಂಚ ತಿಕ್ಕಬೇಕು. ನಡುವಿನ ತುಂಡು ಉದುರಬಾರದೆಂದು ಅಲ್ಲಲ್ಲಿ ಕೊರೆಯದೆ ಬಿಟ್ಟಿರುತ್ತಾರೆ, ಅದಕ್ಕೆ ಅಕ್ಷರ ತುಂಡುತುಂಡಾಗಿ ಮೂಡುತ್ತದೆ. ನಾನು ಕಲಿತದ್ದು ಆ ತುಂಡು ಅಕ್ಷರ. ಕೂಡಿದ ಅಕ್ಷರವೆಲ್ಲ ನನಗೆ ಇರುವೆ ಸಾಲು.

ಅಲ್ಲೇ ಇದ್ದ ನನ್ನ ಸೊಸೆ ನಕ್ಕಳು. ಮಾಳಿಗೆಯಾಕೆ ನಗಲಿಲ್ಲ. "ತಗಡು ಅದಾವೇನ್ರಿ?" ಎಂದಳು.

ಗೋದಾಮು ಮುಚ್ಚಿದಾಗ ನಾನು ಹೊತ್ತು ತಂದಿದ್ದೆ. ಒಂದೊಂದನ್ನೂ ಬಿಳಿ ಹಾಳೆಯ ಮೇಲಿಟ್ಟು ಫೋಟೊ ತೆಗೆದಳು. ತಗಡು ಇಲ್ಲದ ಅಕ್ಷರವನ್ನು ಅವಳು ಬರೆದಳು, ಎಲ್ಲಿ ತುಂಡರಿಸಬೇಕೆಂದು ನಾನು ತೋರಿಸಿದೆ. ಅವನ್ನೆಲ್ಲ ಫೋನಿನಲ್ಲಿ ಮೂಡುವ ಅಕ್ಷರ ಮಾಡಲು ಎರಡು ತಿಂಗಳು ಹಿಡಿಯಿತು. ಕಡೆಗೆ ಒಂದು ದಿನ, ಹರಿಪುರದ ಘಾಟಿನ ಮೆಟ್ಟಿಲು ಮುಳುಗಿಲ್ಲವೆಂದು ಫೋನಿನಲ್ಲಿ ನಾನೇ ಓದಿದೆ.

"ಈ ಅಕ್ಷರ ಆ್ಯಪ್ ಒಳಗ ಇಲ್ರಿ," ಎಂದಳು. "ತೆಗದಾಗೊಮ್ಮೆ ನೆಟ್‌ನಿಂದ ಇಳದು ಬರ್ತಾವ. ಒಳಗ ತುಂಬಿದ್ರ ಆ್ಯಪ್ ಭಾರ ಆಗ್ತದ. ಬರೂ ತನಕ ಪರದೆ ಖಾಲಿ ಬಿಡ್ಲೋ, ಫೋನಿನ ಕೂಡಿದ ಅಕ್ಷರ ತೋರಿಸ್ಲೋ?"

"ಖಾಲಿ ಬಿಡಬ್ಯಾಡ. ಖಾಲಿ ಇದ್ರ ಏನೂ ಇಲ್ಲಂತ ಸುಮ್ಮನ ಕುಂದರತೇನಿ. ಇರುವಿ ಸಾಲ ಕಂಡ್ರ ಯಾರನ್ನರ ಕೇಳತೇನಿ."

ಅಂಗೈಯಲ್ಲಿ ಬರೆದುಕೊಂಡಳು.

ಆ ಶ್ರಾವಣದಲ್ಲೇ ಹೊಳೆ ಏರಿತು. ಒಂದು ಮಧ್ಯಾಹ್ನ ಫೋನು ಗುಂಯ್ ಅಂತು, ಹಿಂದೆಯೇ ಕರೆಂಟು ಹೋಯಿತು, ನೆಟ್ಟೂ ಹೋಯಿತು. ಆ್ಯಪ್ ತೆರೆದರೆ ಇರುವೆ ಸಾಲು. ಸೊಸೆ ಮಾಧವನಗರಕ್ಕೆ ಕೆಲಸಕ್ಕೆ ಹೋಗಿದ್ದಳು. ಯಾರನ್ನಾದರೂ ಕೇಳುತ್ತೇನೆ ಎಂದವಳು ಕೇಳದೆ, ತುಂಡು ಅಕ್ಷರ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ನೀರು ಹೊಸ್ತಿಲು ದಾಟಿದ ಮೇಲೆ ಮಾಳಿಗೆ ಹತ್ತಿದೆ. ಅವಳು ಕದ ತೆರೆದು ನನ್ನನ್ನು ನೋಡಿ ಬಿಳಚಿಕೊಂಡಳು.

"ಮನಿ ಬಿಡ್ರಿ ಅಂತ ಹಾಕಿ ತಾಸಾತು. ನೀವು ಓದಿ ಹೋಗೀರಿ ಅಂದ್ಕೊಂಡಿದ್ದೆ."

"ನಿನ್ನ ಅಕ್ಷರ ಬಂದಿಲ್ಲ. ನಾ ಹ್ಯಾಂಗ ಹೋಗ್ಲಿ?"

ಓಣಿಯ ಸೊಂಟಮಟ್ಟದ ನೀರಿನಲ್ಲಿ ಇಬ್ಬರೂ ಹೊರಟೆವು. ತಗಡಿನ ಗಂಟು ನನ್ನ ತಲೆಯ ಮೇಲೆ, ಫೋನುಗಳು ಅವಳು ಹಲ್ಲಿನಲ್ಲಿ ಕಚ್ಚಿದ ಚೀಲದಲ್ಲಿ. ದಿನ್ನೆ ಮುಟ್ಟಿದ ಮೇಲೆ ಚೀಲ ತೆಗೆದು, "ತಪ್ಪು ನಂದ ಮಾವಶಿ. ನೀರು ಬಂದಾಗ ನೆಟ್ ಇರಂಗಿಲ್ಲ. ನನಗಿದು ಹೊಳೀಲಿಲ್ಲ," ಎಂದಳು. ನಾನು ಗಂಟು ಇಳಿಸಿ ತಗಡುಗಳನ್ನು ಎಣಿಸಿದೆ.

ನೀರು ಇಳಿದ ಮೇಲೆ ಅದನ್ನೇ ಹಿಡಿದು ಕೂತಳು. ಒಮ್ಮೆ ಇಳಿದು ಬಂದ ಅಕ್ಷರ ಫೋನಿನಲ್ಲೇ ಉಳಿಯಬೇಕು. ಸೊಸೆಯ ಫೋನಿನಲ್ಲಿ ಉಳಿಯಿತು. ನನ್ನದು ಬೇರೆ ನಮೂನೆಯದು, ಅದರಲ್ಲಿ ನಿಲ್ಲಲೊಲ್ಲದು. ಅಷ್ಟರಲ್ಲಿ ಅವಳಿಗೆ ಕಾಮಾಲೆಯಾಯಿತು. ಮಿರಜದ ದವಾಖಾನೆಗೆ ನಾನು ಗಂಜಿ ಒಯ್ಯುತ್ತಿದ್ದೆ. ಕಣ್ಣು ಅರಿಸಿನದ ಬಣ್ಣ, ಎದೆಯ ಮೇಲೆ ಲ್ಯಾಪ್‌ಟಾಪು.

"ಅದನ್ನ ಮುಚ್ಚು. ಮೊದಲ ನೆಟ್ಟಗಾಗು."

"ಕೋಡಿಂದು ಎರಡ ಸಾಲು ಉಳದಾವ್ರಿ. ಗಂಜಿಗೆ ಉಪ್ಪ ಹಾಕೀರಿಲ್ಲೋ?"

"ಡಾಕ್ಟರ ಬ್ಯಾಡಂದಾರ."

"ಹಂಗಾರ ನೀವ ಕುಡೀರಿ."

ದವಾಖಾನೆ ಸೇರಿದ ಮೂರನೆಯ ದಿನ ಆ್ಯಪ್ ಹೊಸದಾಗಿ ಇಳಿಸಿಕೊಳ್ಳಿರೆಂದು ಓಣಿಯವರಿಗೆಲ್ಲ ತಿಳಿಸಿದಳು. ಸೊಸೆ ನನ್ನ ಫೋನಿಗೂ ಇಳಿಸಿ, ಒಮ್ಮೆ ತೆರೆದು ಮುಚ್ಚಿಟ್ಟಳು. ನೆಟ್ ಇಲ್ಲದಾಗ ಏನಾಗುತ್ತದೆಂದು ಯಾರೂ ನೋಡಲಿಲ್ಲ. ಐದನೆಯ ದಿನ ಅವಳು ಸತ್ತಳು. ಅವಳ ಅಣ್ಣ ಬಂದು ಕ್ರಿಯೆಯೆಲ್ಲ ಮುಗಿಸಿದ.

ಮರುದಿನ ಬೆಳಿಗ್ಗೆ ಮುಖ ತೊಳೆದು, ನೆಟ್ ಬಂದ್ ಮಾಡಿ ಆ್ಯಪ್ ತೆರೆದೆ. ಇರುವೆ ಸಾಲು ಬರಲಿಲ್ಲ. ಅವಳು ಕಡೆಗೆ ಹಾಕಿದ ಮಾತು ನನ್ನ ತುಂಡು ಅಕ್ಷರದಲ್ಲೇ ಇತ್ತು: ಹೊಳೆ ಇಳಿದಿದೆ, ಮನೆಗೆ ಬನ್ನಿ. ಎರಡು ಸಲ ಓದಿದೆ. ಆಮೇಲೆ ತಗಡುಗಳನ್ನು ಅಂಗಳಕ್ಕೆ ತಂದು, ತುಕ್ಕು ತಿಕ್ಕಿ, ಎಣ್ಣೆ ಸವರಿ ಇಟ್ಟೆ.